ಎಬ್ಬಿಸುವ ಮಾತು

ಕೆಳಗೆ ಹಾಸಿಗೆ ಅಂಗಡಿ, ಮೇಲೆ ಯೋಗದ ಕ್ಲಾಸು. ಕೆಳಗಿನವರು ಊರನ್ನು ಮಲಗಿಸುತ್ತಾರೆ, ಮೇಲಿನವರು ಎಬ್ಬಿಸುತ್ತಾರೆ ಎಂದು ದೊಡ್ಡ ಟೀಚರು ಹೇಳಿ ನಗುತ್ತಿದ್ದರು. ಹಾಲ್ ಬಾಡಿಗೆಗೆ ಕೊಟ್ಟಿದ್ದ ಅಂಗಡಿಯವರೂ ನಗುತ್ತಿದ್ದರು. ಆ ನಗೆಗೆ ಹನ್ನೆರಡು ವರ್ಷ ವಯಸ್ಸಾಗಿತ್ತು. ದೊಡ್ಡ ಟೀಚರು ಹೋಗಿ ನಾಲ್ಕು ತಿಂಗಳಾಗಿತ್ತು.

ದೊಡ್ಡ ಟೀಚರು, ಚಿಕ್ಕ ಟೀಚರು ಎಂಬುದು ಕಲಿಯಲು ಬರುವವರು ಇಟ್ಟ ಹೆಸರು. ಇಬ್ಬರೂ ಒಡಹುಟ್ಟಿದವರು. ಅವರು ಕ್ಲಾಸು ನಡೆಸುವ ರೀತಿಯೇ ಬೇರೆ. ಅಕ್ಕ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತು ಮಾತಾಡುವಳು. ತಂಗಿ ಎದುರಿನ ಮ್ಯಾಟಿನ ಮೇಲೆ ನಿಂತು ಆ ಮಾತನ್ನು ಮೈಯಲ್ಲಿ ಮಾಡಿ ತೋರಿಸುವಳು. ತಂಗಿ ತುಟಿ ಬಿಚ್ಚುತ್ತಿರಲಿಲ್ಲ, ಅಕ್ಕ ಕೂತಲ್ಲಿಂದ ಏಳುತ್ತಿರಲಿಲ್ಲ.

ಇದು ಚಿಕ್ಕಂದಿನಿಂದ ಬಂದದ್ದು. ಅವರಮ್ಮ ಕೆಲಸದ ಜೊತೆಗೇ ಪದ್ಯ ಹೇಳಿಕೊಳ್ಳುತ್ತಿದ್ದವಳು. ಬಟ್ಟೆ ಒಗೆಯುವಾಗ ಒಂದು, ಕಸ ಗುಡಿಸುವಾಗ ಇನ್ನೊಂದು. ಹಿರಿಯಳು ಕೇಳಿದ್ದನ್ನು ತಿರುಗಿ ಹೇಳಿದಳು. ಕಿರಿಯಳು ಕೇಳಿ ಸುಮ್ಮನಾದಳು. "ದೇವರು ಒಬ್ಬಳಿಗೆ ನಾಲಿಗೆ ಕೊಟ್ಟ, ಒಬ್ಬಳಿಗೆ ಕಿವಿ ಕೊಟ್ಟ. ಜೊತೆಗಿದ್ದರೆ ಇಬ್ಬರಿಗೂ ಕೊರತೆ ಇಲ್ಲ" ಎಂದು ಅಮ್ಮ ಹೇಳುತ್ತಿದ್ದಳು. ಜೊತೆಗಿಲ್ಲದಿದ್ದರೆ ಏನೆಂದು ಅಮ್ಮ ಹೇಳಿರಲಿಲ್ಲ.

ಅಕ್ಕನ ಮಾತು ಪ್ರವಚನವಾಗಿರಲಿಲ್ಲ. ತತ್ವವನ್ನು ಅವಳು ಆಸನದೊಳಗೇ ಇಟ್ಟು ಕೊಡುತ್ತಿದ್ದಳು. ಎಲ್ಲರೂ ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟಲು ಒದ್ದಾಡುತ್ತಿರುವಾಗ, "ಪಕ್ಕದ ಮ್ಯಾಟಿನ ಕಡೆ ಕಣ್ಣು ಹಾಯಿಸ್ಬೇಡಿ. ಅವರ ಬೆನ್ನು ಅವರದ್ದು. ಅದರ ಮೇಲೆ ಆಸೆ ಪಟ್ಟರೆ ಅದೂ ಕಳ್ಳತನಾನೇ. ಅಸ್ತೇಯ ಅಂದ್ರೆ ಇಷ್ಟೇ" ಎನ್ನುವಳು. ಯಾರಾದರೂ ಮಂಡಿಯನ್ನು ಬಲವಂತವಾಗಿ ಮಡಚಿದರೆ, "ಮಂಡಿಗೂ ಜೀವ ಇದೆ ಸ್ವಾಮಿ. ಅಹಿಂಸೆ ಅಲ್ಲಿಂದಲೇ ಶುರುವಾಗ್ಲಿ." ಉಸಿರು ಬಿಗಿಹಿಡಿದು ಮುಖದಲ್ಲಿ ನಗು ತೋರಿಸುವವರಿಗೆ, "ಒಳಗೆ ಉಸಿರು ಕಟ್ಟಿದೆ, ಹೊರಗೆ ಮುಖ ನಗ್ತಿದೆ. ಇದು ಸತ್ಯ ಅಲ್ಲ. ನಗು ಬಿಡಿ, ಉಸಿರು ತಗೊಳ್ಳಿ."

ಕೊನೆಗೆ ಶವಾಸನ. ಎಲ್ಲರೂ ಅಂಗಾತ ಮಲಗುವರು, ತಂಗಿಯೂ ತನ್ನ ಮ್ಯಾಟಿನ ಮೇಲೆ ಮಲಗುವಳು. ಅಕ್ಕನ ದನಿ ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗವನ್ನು ಸಡಿಲ ಬಿಡಿಸುತ್ತಾ ಹೋಗಿ ನಿಲ್ಲುವುದು. ಏಳು ನಿಮಿಷ ಮೌನ. ಆಮೇಲೆ ಅದೇ ದನಿ, "ಬೆರಳು ಆಡಿಸಿ... ಬನ್ನಿ... ನಿಧಾನವಾಗಿ ವಾಪಸ್ ಬನ್ನಿ" ಎಂದು ಕರೆಯುವುದು. ಕರೆಯುವ ತನಕ ಏಳಬಾರದು ಎಂಬುದು ಆ ಹಾಲಿನಲ್ಲಿ ಅಕ್ಕ ಹಾಕಿದ್ದ ಒಂದೇ ಒಂದು ಕಟ್ಟುಪಾಡು. "ನಿಮ್ಮನ್ನು ಇನ್ನೊಬ್ಬರಿಗೆ ಒಪ್ಪಿಸಿ ಮಲಗೋದು ಒಂದು ಸಾಧನೆ. ನೀವೇ ಗಡಿಯಾರ ನೋಡ್ತಾ ಮಲಗಿದ್ರೆ ಅದು ಬರೀ ಮಲಗೋದು. ಅದಕ್ಕೆ ಕೆಳಗಡೆ ಅಂಗಡಿ ಇದೆ" ಎಂದಿದ್ದಳು.

ಅಂಥವಳು ತಲೆಯೊಳಗೆ ನರ ಒಡೆದು ಮೂರೇ ದಿನದಲ್ಲಿ ಹೋದಳು. ಹತ್ತು ದಿನ ಕ್ಲಾಸು ಮುಚ್ಚಿತ್ತು. ಹನ್ನೊಂದನೆಯ ದಿನ ತಂಗಿ ಬೀಗ ತೆಗೆದಳು.

ಅಳು ಬಂದಿರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಸ್ನಾನದ ನೀರು ಬಿಸಿಯೋ ತಣ್ಣಗೋ ಎಂದು ಮೈಮೇಲೆ ಸುರಿದುಕೊಂಡ ಮೇಲೂ ತಿಳಿಯುತ್ತಿರಲಿಲ್ಲ. ಟೀ ಲೋಟ ಕೈಯಲ್ಲಿ ಹಿಡಿದು ಕೂತರೆ ಕೆನೆ ಕಟ್ಟುವವರೆಗೆ ಹಾಗೇ ಕೂತಿರುವಳು. ಅಕ್ಕನ ಫೋಟೋ ನೋಡಿದರೆ ಫೋಟೋ ಚೆನ್ನಾಗಿ ಬಂದಿದೆ ಎನಿಸುತ್ತಿತ್ತು, ಅಷ್ಟೇ.

ಭಾವ ಒಂದು ದಿನ ಬಂದು ಬಟ್ಟೆಯ ಚೀಲ ಮೇಜಿನ ಮೇಲಿಟ್ಟರು. ಒಳಗೆ ನೀಲಿ ರಟ್ಟಿನ ಪುಸ್ತಕ. ನಾಳೆ ಕ್ಲಾಸಿನಲ್ಲಿ ಏನು ಹೇಳಬೇಕು ಎಂಬುದನ್ನು ಅಕ್ಕ ಅದರಲ್ಲಿ ದಿನಕ್ಕೆ ಒಂದು ಪುಟದಂತೆ ಬರೆದಿಟ್ಟುಕೊಳ್ಳುತ್ತಿದ್ದಳು.

"ನಿನ್ನ ಹತ್ರಾನೇ ಇರ್ಲಿ" ಎಂದರು ಭಾವ. "ನನಗೆ ಅವಳ ಅಕ್ಷರ ನೋಡೋಕಾಗಲ್ಲ."

ತಂಗಿಗೆ ನೋಡಲಾಗುತ್ತಿತ್ತು. ಅದೇ ಅವಳಿಗೆ ಒಂಥರಾ ಎನಿಸಿತು. ನೋಡಿದಳು, ಬಾಯಿಪಾಠ ಮಾಡಿದಳು, ಮರುದಿನ ಅಕ್ಕನ ಜಾಗದಲ್ಲಿ ಕೂತು ಒಂದಕ್ಷರ ಆಚೀಚೆಯಾಗದಂತೆ ಒಪ್ಪಿಸಿದಳು. ಆಮೇಲೆ ಎದ್ದು ಬಂದು ಆಸನ ಮಾಡಿ ತೋರಿಸಿದಳು. ಮತ್ತೆ ಹೋಗಿ ಕೂತಳು. ಶವಾಸನದಲ್ಲಿ ಮಾತ್ರ ಗೋಡೆಯ ಪಕ್ಕ ನೆಟ್ಟಗೆ ಕೂತು, ಗಡಿಯಾರ ನೋಡಿ, ಏಳು ನಿಮಿಷಕ್ಕೆ ಕರೆದಳು. ಪುಸ್ತಕದಲ್ಲಿ ಇದ್ದದ್ದು ನಲವತ್ತೆರಡು ಪುಟ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಹಿಡಿದಳು.

"ಟೀಚರ್, ಈ ಕಳ್ಳತನದ ಮಾತು ಹಿಂದೆ ಒಂದ್ಸಲ ಬಂದಿತ್ತಲ್ಲ?" ಎಂದ ಬಸ್ ಡ್ರೈವರು ಒಂದು ಬೆಳಿಗ್ಗೆ. ಸೊಂಟನೋವಿಗೆಂದು ಬಂದು ಆರು ವರ್ಷದಿಂದ ಇಲ್ಲೇ ನಿಂತ ಮನುಷ್ಯ.

"ಅದೇ ರೂಟಲ್ಲಿ ನೀವು ದಿನಾ ಬಸ್ ಓಡಿಸಲ್ವಾ?" ಎಂದರು ಪಕ್ಕದ ಮ್ಯಾಟಿನ ಹಲ್ಲಿನ ಡಾಕ್ಟರಮ್ಮ.

"ಓಡಿಸ್ತೀನಿ ಮೇಡಮ್. ಆದ್ರೆ ಎದುರುಗಡೆ ರೋಡ್ ನೋಡ್ಕೊಂಡು ಓಡಿಸ್ತೀನಿ."

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಒಳಗೆ ಉಸಿರು ಕಟ್ಟಿದೆ, ಹೊರಗೆ ಮುಖ ನಗ್ತಿದೆ ಎಂಬ ಮಾತು ನೆನಪಾಯಿತು. ಅದು ಹದಿನೇಳನೆಯ ಪುಟ.

ಎಲ್ಲರೂ ಹೋದ ಮೇಲೆ ಡಾಕ್ಟರಮ್ಮ ಮ್ಯಾಟ್ ಸುತ್ತುತ್ತಾ ನಿಧಾನ ಮಾಡಿದರು. "ಬೇಜಾರು ಮಾಡ್ಕೋಬೇಡಿ. ಹಲ್ಲು ಕೀಳೋ ಮುಂಚೆ ದವಡೆಗೆ ಇಂಜೆಕ್ಷನ್ ಕೊಡ್ತೀವಲ್ಲ, ಆಮೇಲೆ ಎರಡು ಗಂಟೆ ಏನೂ ಅಗೀಬೇಡಿ ಅಂತೀವಿ. ಯಾಕೆ ಗೊತ್ತಾ? ಮರಗಟ್ಟಿರುತ್ತೆ. ತಮ್ಮ ನಾಲಿಗೇನೇ ಕಚ್ಚಿಕೊಂಡಿರ್ತಾರೆ, ಗೊತ್ತೇ ಆಗಲ್ಲ."

"ಹೂಂ" ಎಂದಳು ತಂಗಿ.

"ಅಷ್ಟೇ ಹೇಳೋಣ ಅಂತ." ಡಾಕ್ಟರಮ್ಮ ಚಪ್ಪಲಿ ಮೆಟ್ಟಿಕೊಂಡು ಹೋದರು.

ಅದೇ ವಾರ ಹಾಸಿಗೆ ಅಂಗಡಿಯವರು ಮೆಟ್ಟಿಲ ಮೇಲೆ ಸಿಕ್ಕರು. ಕೆಟ್ಟ ಮನುಷ್ಯರಲ್ಲ. ಅಕ್ಕ ಹೋದ ದಿನ ಅಂಗಡಿಯ ಬಾಗಿಲನ್ನೂ ಎಳೆದು ಬಂದಿದ್ದವರು.

"ನೋಡಮ್ಮ, ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ಇಪ್ಪತ್ತೆಂಟು ಜನ ಬರ್ತಿದ್ರು, ಈಗ ಹದಿನಾಲ್ಕು. ಒಬ್ಬ ಹುರುಪಿನ ಮೇಷ್ಟ್ರು ಸಿಕ್ಕಿದ್ದಾನೆ. ಮ್ಯೂಸಿಕ್ ಹಾಕಿ ಬೆವರಿಳಿಸ್ತಾನೆ. ಧರ್ಮ ಕರ್ಮ ಎಲ್ಲಾ ಇಲ್ಲ, ಬರೀ ಹೊಟ್ಟೆ ಕರಗಿಸೋದು. ನೀನು ಬೇಕಾದ್ರೆ ಅವನ ಜೊತೆ ಆಸನ ತೋರಿಸು, ಮಾತು ಬಿಟ್ಟುಬಿಡು. ಇಲ್ಲಾ, ಅಕ್ಕ ನಡೆಸ್ತಿದ್ದ ಹಾಗೇ ನಡೆಸ್ತೀನಿ ಅಂತೀಯಾ, ನಡೆಸು, ನಾನು ಅಡ್ಡ ಬರಲ್ಲ. ಆದ್ರೆ ನಡೆಸ್ಬೇಕು. ಶನಿವಾರದೊಳಗೆ ಏನಾದ್ರೂ ಒಂದು ಹೇಳು."

ತಂಗಿ ಆಗಲಿ ಎಂದಳು. ಮನೆಗೆ ಹೋಗಿ ಯೋಚಿಸಲು ಕೂತಳು. ಮಾತು ಬಿಟ್ಟರೆ ಅಕ್ಕ ಕಟ್ಟಿದ್ದು ಇಲ್ಲಿಗೆ ಮುಗಿಯಿತು. ಬಿಡದಿದ್ದರೆ ತನ್ನದಲ್ಲದ ಮಾತನ್ನು ಇಡೀ ಜನ್ಮ ಒಪ್ಪಿಸುತ್ತಿರಬೇಕು, ಅದೂ ಒಂದು ಕಳ್ಳತನವೇ. ಇಷ್ಟನ್ನು ಅವಳ ಬುದ್ಧಿ ಹೇಳಿತು. ಮನಸ್ಸು ಏನನ್ನೂ ಹೇಳಲಿಲ್ಲ. ಕಲ್ಲನ್ನು ಕೇಳಿದ ಹಾಗಾಯಿತು. ಹಾಡು ಹಾಕಿ ಬೆವರಿಳಿಸುವ ಆ ಮೇಷ್ಟ್ರಿಗೇ ಬಿಟ್ಟುಕೊಡೋಣ ಎಂದು ಗುರುವಾರ ರಾತ್ರಿ ತೀರ್ಮಾನಿಸಿದಳು. ತೀರ್ಮಾನಿಸಿದ್ದಕ್ಕೂ ಏನೂ ಅನಿಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಹದಿನಾಲ್ಕು ಜನರೂ ಬಂದಿದ್ದರು. ಆ ದಿನ ತಂಗಿ ನೀಲಿ ಪುಸ್ತಕ ತರಲಿಲ್ಲ. ಬಿಡುವುದೇ ಆದರೆ ಒಪ್ಪಿಸುವುದೇಕೆ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದಳು. ಗೋಡೆಯ ಬಳಿ ಕೂರಲಿಲ್ಲ. ಎದುರಿನ ಮ್ಯಾಟಿನ ಮೇಲೆ ನಿಂತು ಒಂದರ ಹಿಂದೆ ಒಂದು ಆಸನ ಮಾಡಿದಳು, ಅವರೂ ನೋಡಿ ಮಾಡಿದರು. ಹಾಲಿನಲ್ಲಿ ಉಸಿರಿನ ಸದ್ದು, ಮಂಡಿಗಳು ಲಟಲಟ ಎನ್ನುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಕಿಟಕಿಯಿಂದ ಬಿಸಿಲಿನ ಒಂದು ಪಟ್ಟಿ ಅಕ್ಕ ಕೂರುತ್ತಿದ್ದ ಜಾಗದ ಮೇಲೆ ಬಿದ್ದಿತ್ತು.

"ಶವಾಸನ" ಎಂದಳು. ಎಲ್ಲರೂ ಮಲಗಿದರು.

ಅವಳೂ ಮಲಗಿದಳು. ಬೇಕೆಂದು ಮಲಗಿದ್ದಲ್ಲ. ಹನ್ನೆರಡು ವರ್ಷ ಆ ಮ್ಯಾಟಿನ ಮೇಲೆ, ಆ ಮಾತಿನ ಹಿಂದೆಯೇ ಮಲಗಿದ ಮೈ ತಾನಾಗಿ ಮಲಗಿತು. ಕಣ್ಣು ಮುಚ್ಚಿತು. ಅಂಗೈ ಮೇಲಕ್ಕೆ ತಿರುಗಿತು. ಪಾದ ಸಡಿಲವಾಯಿತು, ಮೊಣಕಾಲು ಸಡಿಲವಾಯಿತು. ಯಾರೂ ಹೇಳದಿದ್ದರೂ ಆ ದನಿಯ ದಾರಿ ಮೈಗೆ ಗೊತ್ತಿತ್ತು. ಆಮೇಲೆ ಮೌನ. ಅವಳು ಕಾದಳು.

ಹದಿನಾಲ್ಕು ಜನ ಟೀಚರು ಕರೆಯಲಿ ಎಂದು ಕಾದರು. ಟೀಚರು ಅಕ್ಕ ಕರೆಯಲಿ ಎಂದು ಕಾದಳು.

ಏಳು ನಿಮಿಷ ಆಯಿತು, ಹದಿನೈದಾಯಿತು. ಡ್ರೈವರು ಸಣ್ಣಗೆ ಗೊರಕೆ ಹೊಡೆದು ನಿಲ್ಲಿಸಿದ. ಇಪ್ಪತ್ತೈದಾಯಿತು. ಕರೆಯುವ ತನಕ ಏಳಬಾರದು. ಯಾರೂ ಏಳಲಿಲ್ಲ.

ಅಂಗಡಿಯವರು ಕೆಳಗೆ ಬಾಗಿಲು ತೆಗೆದು, ಮೇಲೆ ಒಂದು ಹೆಜ್ಜೆಯ ಸದ್ದೂ ಇಲ್ಲದ್ದನ್ನು ಗಮನಿಸಿ, ಚಪ್ಪಲಿಗಳೆಲ್ಲ ಮೆಟ್ಟಿಲ ಹತ್ತಿರವೇ ಇದ್ದದ್ದನ್ನು ನೋಡಿ ಮೇಲೆ ಬಂದರು. ಬಾಗಿಲಲ್ಲಿ ನಿಂತರು. ಸಾಲು ಸಾಲಾಗಿ ಹದಿನೈದು ಜನ ಅಂಗಾತ ಬಿದ್ದಿದ್ದರು, ಟೀಚರೂ ಸೇರಿ.

"ಅಯ್ಯೋ ದೇವರೇ!" ಅವರ ಕೂಗಿಗೆ ಕಿಟಕಿಯ ಗಾಜು ಅದುರಿತು. "ಎಲ್ಲಾ ಹೋಗ್ಬಿಟ್ರೇನ್ರಪ್ಪಾ!"

ಹದಿನೈದು ಜನ ಒಮ್ಮೆಗೇ ಎದ್ದು ಕೂತರು. ಅಂಗಡಿಯವರು ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದರು. ಡ್ರೈವರು ಗೋಡೆಯ ಗಡಿಯಾರ ನೋಡಿದ.

"ನಲವತ್ತು ನಿಮಿಷ! ನನ್ನ ಮೊದಲನೇ ಟ್ರಿಪ್ ಹೋಯ್ತಲ್ರೀ! ಸ್ಟಾಪಲ್ಲಿ ಜನ ನನ್ನ ಜನ್ಮ ಜಾಲಾಡ್ತಿರ್ತಾರೆ."

"ನನ್ನ ಕುರ್ಚಿ ಮೇಲೆ ಒಬ್ರು ಬಾಯಿ ತೆಕ್ಕೊಂಡು ಕೂತಿರ್ತಾರೆ" ಎಂದರು ಡಾಕ್ಟರಮ್ಮ. ಎನ್ನುತ್ತಲೇ ಟೀಚರ ಕಡೆ ತಿರುಗಿದರು.

ಎಲ್ಲರೂ ನೋಡಿದರು. ತಂಗಿ ಮ್ಯಾಟಿನ ಮೇಲೆ ಕೂತಿದ್ದಳು. ನಗುವ ಪ್ರಯತ್ನ ಮಾಡಲಿಲ್ಲ. ಪುಸ್ತಕ ಹತ್ತಿರವಿರಲಿಲ್ಲ. ನಲವತ್ತೆರಡು ಪುಟದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ.

"ನಿಮ್ಮನ್ನು ಕರೆಯೋದು ನಾನು ಅಂತ ಮರೆತುಹೋಯ್ತು" ಎಂದಳು. "ಅಕ್ಕ ಕರೀತಾಳೆ ಅಂತ ಕಾಯ್ತಾ ಇದ್ದೆ."

ಡ್ರೈವರು ತಲೆ ಬಗ್ಗಿಸಿ ಮ್ಯಾಟಿನ ಅಂಚು ಕೆರೆದ.

"ನನಗೂ ಒಂದು ಗಳಿಗೆ ಹಾಗೇ ಅನ್ನಿಸ್ತು ಟೀಚರ್. ಟೈಮ್ ಜಾಸ್ತಿ ಆಯ್ತು ಅಂತ ಗೊತ್ತಾಗ್ತಿತ್ತು. ಎದ್ದುಬಿಟ್ರೆ ದೊಡ್ಡ ಟೀಚರು ಇಲ್ಲ ಅಂತ ಆಗುತ್ತಲ್ಲ, ಅದಕ್ಕೇ ಹಾಗೇ ಬಿದ್ದಿದ್ದೆ."

"ಗೊರಕೆ ಬೇರೆ" ಎಂದರು ಡಾಕ್ಟರಮ್ಮ.

"ಅದು ಮಧ್ಯದಲ್ಲಿ ಬಂತು ಮೇಡಮ್."

ಅಷ್ಟೇ. ಮ್ಯಾಟುಗಳು ಸುತ್ತಿಕೊಂಡವು, ಮೆಟ್ಟಿಲ ಮೇಲೆ ಕಾಲುಗಳು ಇಳಿದವು. ಡ್ರೈವರು ಚಪ್ಪಲಿ ಕೈಯಲ್ಲೇ ಹಿಡಿದು ಓಡಿದ. ಅಂಗಡಿಯವರು ಮಾತ್ರ ಬಾಗಿಲಲ್ಲಿ ಎದೆ ನೀವಿಕೊಳ್ಳುತ್ತಾ ನಿಂತಿದ್ದರು.

"ನಾಳೆ ಶನಿವಾರ" ಎಂದರು.

"ಗೊತ್ತು."

"ಏನು ಹೇಳ್ತೀಯಾ?"

"ನಾಳೆ ಕ್ಲಾಸ್ ಮುಗಿದ ಮೇಲೆ ಹೇಳ್ತೀನಿ."

ಆ ದಿನವೂ ಅಳು ಬರಲಿಲ್ಲ. ಮನೆಗೆ ಹೋಗಿ ನೀಲಿ ಪುಸ್ತಕವನ್ನು ಬಟ್ಟೆಯ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟಳು. ಟೀ ಮಾಡಿದಳು. ಅದೂ ಕೆನೆ ಕಟ್ಟಿತು.

ಶನಿವಾರ ಹನ್ನೆರಡು ಜನ ಬಂದರು. ಡ್ರೈವರು ಬಂದಿದ್ದ, ನಿನ್ನೆ ಡಿಪೋದಲ್ಲಿ ಬೈಸಿಕೊಂಡೆ ಎಂದು ಸಂಭ್ರಮದಿಂದಲೇ ಹೇಳಿಕೊಂಡ. ತಂಗಿ ಆಸನಗಳನ್ನು ತೋರಿಸಿದಳು. ಬಾಗುವಾಗ ಅಸ್ತೇಯ ಎನ್ನಲಿಲ್ಲ, ಮಂಡಿಗೆ ಅಹಿಂಸೆ ಎನ್ನಲಿಲ್ಲ. ಶವಾಸನದ ಹೊತ್ತಿಗೆ ತನ್ನ ಮ್ಯಾಟ್ ಬಿಟ್ಟು ಹೋಗಿ, ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತಳು. ಬಿಸಿಲಿನ ಪಟ್ಟಿ ತೊಡೆಯ ಮೇಲೆ ಬಿತ್ತು. ಬೆಚ್ಚಗಿದೆಯೋ ಇಲ್ಲವೋ ತಿಳಿಯಲಿಲ್ಲ.

"ನನ್ನ ಹತ್ರ ಹೇಳೋಕೆ ಇವತ್ತು ಏನೂ ಇಲ್ಲ" ಎಂದಳು. ದನಿ ಸಣ್ಣಗಿತ್ತು, ಅಕ್ಕನದರ ಹಾಗಿರಲಿಲ್ಲ. "ಇದ್ದಾಗ ಹೇಳ್ತೀನಿ. ಇಲ್ಲದ್ದನ್ನ ಇದೆ ಅಂತ ಹೇಳಲ್ಲ. ನೀವು ಮಲಗಿ. ನಾನು ಎಚ್ಚರವಾಗಿರ್ತೀನಿ."

ಹನ್ನೆರಡು ಜನ ಮಲಗಿದರು. ಡ್ರೈವರು ಒಂದು ಕಣ್ಣು ತೆರೆದು ಅವಳು ಕೂತಿದ್ದಾಳೆಯೇ ಎಂದು ನೋಡಿದ. ಕೂತಿದ್ದಳು. ಕಣ್ಣು ಮುಚ್ಚಿದ.

ಅವಳು ಅವರನ್ನು ಕಾದಳು. ಹನ್ನೆರಡು ಹೊಟ್ಟೆಗಳು ಏರುವುದನ್ನು, ಇಳಿಯುವುದನ್ನು ನೋಡಿದಳು. ಡಾಕ್ಟರಮ್ಮನ ಹುಬ್ಬಿನ ಗಂಟು ಬಿಚ್ಚಿಕೊಳ್ಳುವುದನ್ನು ನೋಡಿದಳು. ಹನ್ನೆರಡು ವರ್ಷ ಅಕ್ಕ ಇಲ್ಲಿ ಕೂತು ಇದನ್ನೇ ನೋಡಿದ್ದಳು. ಆ ಸಾಲಿನಲ್ಲಿ ತನ್ನನ್ನೂ ನೋಡಿದ್ದಳು. ಮಲಗಿದವಳಿಗೆ ಅದು ಒಮ್ಮೆಯೂ ಹೊಳೆದಿರಲಿಲ್ಲ. ಎದೆಯಲ್ಲಿ ಏನಾದರೂ ಕದಲುತ್ತದೆಯೇ ಎಂದು ಕಾದಳು. ಕದಲಲಿಲ್ಲ. ಗಡಿಯಾರದ ಮುಳ್ಳು ಮಾತ್ರ ಕದಲಿತು.

ಏಳು ನಿಮಿಷವಾಯಿತು.

"ಬೆರಳು ಆಡಿಸಿ" ಎಂದಳು.

ಮೊದಲು ಡ್ರೈವರ ಬೆರಳು ಆಡಿತು, ಆಮೇಲೆ ಒಬ್ಬೊಬ್ಬರದೇ. ಕೆಳಗೆ ಅಂಗಡಿಯ ಬಾಗಿಲು ಎತ್ತುವ ಸದ್ದಾಯಿತು. ಎಲ್ಲರೂ ಎದ್ದು ಕೂರುವವರೆಗೆ ಅವಳು ಅಲ್ಲೇ ಕೂತಿದ್ದಳು. ಆಮೇಲೆ ಹಾಡಿನ ಮೇಷ್ಟ್ರು ಬೇಡ ಎಂದು ಹೇಳಲು ಮೆಟ್ಟಿಲಿಳಿದಳು.