ಕಾಶವ್ವನ ಹೆಸರಿನ ರಕ್ತ

ದೊಡ್ಡಾಸ್ಪತ್ರೆಯ ಡಾಕ್ಟರು ಮಗನ ರಕ್ತ ತೆಗೆದಾಗ ದಾನವ್ವ ತಾನೇ ಅವನ ತೋಳು ಹಿಡಿದುಕೊಂಡಿದ್ದಳು. ಶೇಖರಪ್ಪನಿಗೆ ಸ್ಕಿಜೋಫ್ರೇನಿಯಾ ಅಂತ ಹೇಳಿ ಎರಡು ವರ್ಷವಾಗಿತ್ತು. ಫ್ಯಾಕ್ಟರಿ ಸೈರನ್ನು ತನ್ನನ್ನೇ ಬೈಯುತ್ತದೆ ಅಂತ ಕೆಲಸ ಬಿಟ್ಟು, ಎಂಬತ್ತೊಂದನೇ ಇಸವಿಯಿಂದಲೂ ಬಾಗಲಗುಂಟೆಯ ಬಾಡಿಗೆ ಮನೆಯಲ್ಲಿ ಕೂತಿದ್ದ. ಆದರೆ ಅವನ ತಂಗಿ ಕಾಶವ್ವನ ರಕ್ತವೂ ಬೇಕು ಅಂದರಲ್ಲ, ಆಗ ಅವಳು ಕೂತಲ್ಲಿಂದ ಎದ್ದೇಬಿಟ್ಟಳು.

"ಆಕಿಗೇನಾಗೇದರೀ? ಆಕಿ ರಕ್ತ ಯಾಕ ಬೇಕು?"

"ಏನೂ ಆಗಿಲ್ಲಮ್ಮ. ಕೆಲವು ರೋಗಿಗಳ ರಕ್ತದಲ್ಲಿ ಮೈ ಕಾಯಬೇಕಾದ ಪ್ರತಿಕಾಯಗಳೇ ಮೈಮೇಲೆ ತಿರುಗಿಬಿದ್ದ ಹಾಗೆ ಕಾಣ್ತಿವೆ. ಒಡಹುಟ್ಟಿದವರಲ್ಲೂ ಹಾಗಿದೆಯಾ ಅಂತ ನೋಡ್ತಿದೀವಿ. ಬರೀ ಸಂಶೋಧನೆ."

ಬರೀ ಅಂತೆ! ಬರೀ ಆಗಿದ್ದರೆ ಅಷ್ಟು ದಪ್ಪ ರಿಜಿಸ್ಟರ್ ಯಾಕೆ? ಅದರಲ್ಲಿ ಊರು, ಮನೆ ನಂಬರು ಯಾಕೆ? ಹುಚ್ಚನ ತಂಗಿ ಅಂತ ಕಾಶವ್ವನಿಗೆ ಆಗಲೇ ಮೂರು ಸಂಬಂಧ ತಪ್ಪಿದ್ದವು. ಈಗ ಹುಡುಗಿ ನೋಡಲು ಮಾಕಳಿ ಊರಿನವರು ಬರುವುದಿತ್ತು. ಅವಳ ಹೆಸರಿನ ಮುಂದೆ ಏನಾದರೂ ಕೆಟ್ಟದ್ದು ಬರೆದರೋ, ಹುಡುಗಿಯ ಬಾಳು ಮಣ್ಣುಪಾಲು. ಒಲ್ಲೆ ಅನ್ನೋಣವೆಂದರೆ, ಮಗನ ಪುಕ್ಕಟೆ ಮಾತ್ರೆ ನಿಲ್ಲಿಸಿಬಿಟ್ಟರೆ?

ಒಂದು ನೆಗಡಿಯನ್ನೂ ಕಾಣದ, ಮನೆ ಮಾಲೀಕ ದೊಡ್ಡಮುನಿಯಪ್ಪನ ಮಗಳು ಮುನಿಯಲ್ಲಮ್ಮನನ್ನು ದಾನವ್ವ ಪುಸಲಾಯಿಸಿ, ಕಾಶವ್ವನ ಹೆಸರಿನಲ್ಲಿ ರಕ್ತ ಕೊಡಿಸಲು ಕರೆದೊಯ್ದಳು.

"ಇಂಗೆ ಸುಳ್ಳೇಳಿದ್ರೆ ಸಿಕ್ಕಾಕ್ಕೊಳಲ್ವಾ ದಾನಕ್ಕ?"

"ರಕ್ತದ ಮ್ಯಾಲ ಹೆಸರು ಬರದಿರ್ತದೇನ? ಬಾಯಿ ಮುಚ್ಕೊಂಡು ನಡಿ."

ಎರಡು ತಿಂಗಳ ಮೇಲೆ ಡಾಕ್ಟರು ತಾವಾಗೇ ಕರೆದು ಕೂರಿಸಿದರು. "ನಿಮ್ಮ ಮಗನ ರಕ್ತದಲ್ಲಿ ಆ ಪ್ರತಿಕಾಯಗಳು ಜಾಸ್ತಿ ಇವೆ. ಮಗಳದರಲ್ಲಿ ಒಂದೂ ಇಲ್ಲ. ಇಷ್ಟರಿಂದಲೇ ಕಾಯಿಲೆ ಬರುತ್ತೆ, ಬರಲ್ಲ ಅನ್ನೋಕಾಗಲ್ಲ. ಆದ್ರೂ ನಿಮ್ಮ ಮುಖ ನೋಡಿ ಹೇಳ್ಬೇಕು ಅನ್ನಿಸ್ತು."

ಪಾಪ, ಒಳ್ಳೆಯ ಮನುಷ್ಯ. ದಾನವ್ವ ಕೈಮುಗಿದು ಹೊರಬಂದಳು. ಗೆದ್ದೆ ಅಂದುಕೊಂಡೇ ಬಸ್ಸು ಹತ್ತಿದಳು. ಯಶವಂತಪುರ ದಾಟುವ ಹೊತ್ತಿಗೆ ಡಾಕ್ಟರ ಮಾತನ್ನು ಮತ್ತೊಮ್ಮೆ ಮನಸ್ಸಿನಲ್ಲೇ ತಿರುವಿಹಾಕಿದಳು. ಒಂದೂ ಇಲ್ಲ, ಸರಿ. ಯಾರ ರಕ್ತದಲ್ಲಿ? ಆ ನೆಮ್ಮದಿ ದೊಡ್ಡಮುನಿಯಪ್ಪನ ಮನೆಗೆ ಸೇರಿದ್ದು. ಕಾಶವ್ವನ ರಕ್ತ ಇನ್ನೊಮ್ಮೆ ನೋಡಿರೆಂದು ಯಾವ ಮುಖ ಇಟ್ಟುಕೊಂಡು ಕೇಳುವುದು?

ಮನೆಯಲ್ಲಿ ಕಾಶವ್ವ ರೊಟ್ಟಿ ಬಡಿಯುತ್ತಿದ್ದಳು. ತನ್ನಷ್ಟಕ್ಕೆ ಏನೋ ಗುನುಗಿ, ಕಿಸಕ್ಕನೆ ನಕ್ಕಳು. ನಿನ್ನೆಯಾಗಿದ್ದರೆ ದಾನವ್ವ, "ಏನವಾ, ಮಾಕಳಿಯಾಂವ ನೆನಪಾದನೇನ?" ಅಂತ ಕಾಡಿಸುತ್ತಿದ್ದಳು. ಇವತ್ತು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಯಾರೂ ಇಲ್ಲವ್ವ. ಹಾಡು ಹೇಳಾಕತ್ತಿದ್ದೆ."

ದಾನವ್ವ ನಂಬಲಿಲ್ಲ.