ಗುರುವಾರದ ಬಿಳಿ ಹೆಜ್ಜೆ

ನಿಮ್ಮೂರಿನಲ್ಲಿ ಕೊಬ್ಬರಿ ಸುಲಿಯಲು ಜನ ಸಿಗುತ್ತಾರೆಯೇ? ನಮ್ಮೂರಿನಲ್ಲಿ ಸಿಗುವುದಿಲ್ಲ.

ದಂಡಿನಶಿವರದಿಂದ ಮೂರು ಮೈಲಿ ನಮ್ಮೂರು. ಮನೆಮನೆಯ ಅಟ್ಟದ ಮೇಲೂ ಕಾಯಿ. ಹನ್ನೊಂದು ತಿಂಗಳು ಅಲ್ಲೇ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎನ್ನುವಾಗ ಇಳಿಸಿ ಸುಲಿಸಬೇಕು. ಸುಲಿಯುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆ. ಊರಾಚೆಯ ನಾರಿನ ಫ್ಯಾಕ್ಟರಿಗೂ ಆಳಿಲ್ಲ. ಹಾಗಾಗಿ ಒಡಿಶಾದಿಂದ ಜನ ಬಂದರು. ಕಾಯಿಯ ನಾರುಮಟ್ಟೆ ಹೊರಲು ಅವರ ಹೆಗಲು ನಮಗೆ ಬೇಕಿತ್ತು. ಹೆಗಲ ಮೇಲಿನ ಮುಖ ಬೇಕಿರಲಿಲ್ಲ.

ನಾನು ಪುಟ್ಟಗೌರಮ್ಮ. ಸುತ್ತಲಿನ ಊರುಗಳವರು ಸೇರುವ ನಮ್ಮ ಸಂಘದಲ್ಲಿ ಓದಲೆಂದು ಇದನ್ನು ಬರೆಯುತ್ತಿದ್ದೇನೆ. ಇದು ನನ್ನ ಪಕ್ಕದ ಮನೆಯ ಶಿವರುದ್ರಮ್ಮನ ಕಥೆ. ಅವರ ತಪ್ಪು ಹೇಳುವಾಗ ನನ್ನದನ್ನು ಮುಚ್ಚಿಡುವುದಿಲ್ಲ, ನೋಡುತ್ತಿರಿ.

ಹೋದ ಮಾರ್ಗಶಿರದಲ್ಲಿ ಒಂದು ಗುರುವಾರ ಬೆಳಿಗ್ಗೆ ಒಡಿಶಾದವರು ವಾಸವಿದ್ದ ಫ್ಯಾಕ್ಟರಿಯ ತಗಡಿನ ಶೆಡ್ಡಿನ ಮುಂದೆ ಬಿಳಿ ಹೆಜ್ಜೆಗಳು ಕಾಣಿಸಿದವು. ಪುಟ್ಟ ಪುಟ್ಟ ಪಾದ, ರಸ್ತೆಯಿಂದ ಸಾಲಾಗಿ ಬಾಗಿಲವರೆಗೆ. ಅತ್ತಿತ್ತ ಏನೋ ಗೆರೆ, ಚುಕ್ಕಿ. ನಮ್ಮ ರಂಗೋಲಿಯಂತೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ತೀರ್ಮಾನ ಮಾಡಿತ್ತು: ಇದು ಮಾಟ.

ಮಾಟಕ್ಕೆ ಶಿವರುದ್ರಮ್ಮನಿಗೆ ಗೊತ್ತಿದ್ದದ್ದು ಒಂದೇ ಮದ್ದು, ಸಗಣಿ ನೀರು. ಶುಕ್ರವಾರ ಮುಂಜಾನೆ, ಶೆಡ್ಡಿನವರು ಕೆಲಸಕ್ಕೆ ಹೋದ ಮೇಲೆ, ಆ ಹೆಜ್ಜೆಗಳ ಮೇಲೆ ಸಗಣಿ ನೀರು ಸುರಿದು ಪೊರಕೆಯಲ್ಲಿ ಗುಡಿಸಿ, ಒಂದು ಗೆರೆಯೂ ಉಳಿಯದಂತೆ ಸಾರಿಸಿ ಬಂದರು. ಬಕೆಟ್ ಹಿಡಿದುಕೊಂಡು ಅವರ ಹಿಂದೆ ಹೋದವಳು ನಾನೇ.

ಮುಂದಿನ ಗುರುವಾರ ಅದೇ ಜಾಗದಲ್ಲಿ ಹೆಜ್ಜೆಗಳು ಮತ್ತೆ ಮೂಡಿದವು, ಮೊದಲಿಗಿಂತ ಚೆನ್ನಾಗಿ.

"ನೋಡ್ದೇನೇ ಗೌರಿ, ಎಂಥಾ ಗಟ್ಟಿ ಮಾಟ!" ಎಂದರು ಶಿವರುದ್ರಮ್ಮ. ನಾನು ತಲೆಯಾಡಿಸಿದೆ.

ಮಾರನೇ ದಿನ ಸಂಜೆ ನಮ್ಮೂರಿನ ಆಶಾ ಕಾರ್ಯಕರ್ತೆ ವನಜಾಕ್ಷಿ ಬಂದಳು. ಶಿವರುದ್ರಮ್ಮನ ಜಗಲಿಯಲ್ಲಿ ನಾವಿಬ್ಬರೂ ಅವರೆಕಾಯಿ ಬಿಡಿಸುತ್ತಿದ್ದೆವು.

"ಶಿವರುದ್ರಕ್ಕ, ನಿಮ್ಮ ಹಿತ್ತಲ ಮನೆ ಖಾಲಿ ಅದೆಯಲ್ಲ?" ಎಂದಳು.

"ಅದೆ. ಯಾಕೆ, ನೀನು ಬತ್ತೀಯಾ?"

"ನಾನಲ್ಲ. ಸಾಬಿತ್ರಿ ಅಂತ, ನಾರಿನ ಫ್ಯಾಕ್ಟರೀಲಿ ಅವ್ಳೆ. ಬಸುರಿ ಕಣ್ರೀ, ಎಂಟು ತಿಂಗಳಿಗೆ ಬಿದ್ದದೆ. ರಕ್ತ ಬೇರೆ ಕಮ್ಮಿ. ಆ ಶೆಡ್ಡಲ್ಲಿ ನಾರಿನ ಧೂಳು ಕುಡ್ದು ಕುಡ್ದು ಕೆಮ್ತಾಳೆ. ಗಂಡ ಹೆಂಡ್ತಿ ಇಬ್ರೇ. ಬಾಡಿಗೆ ಕೊಡ್ತಾರೆ."

"ಓ, ಆ ಹಿಂದಿಯೋರಾ?"

"ಹಿಂದಿ ಅಲ್ಲಕ್ಕ, ಅವ್ರದ್ದು ಒಡಿಯಾ."

"ಯಾವುದಾದ್ರೇನು, ಕನ್ನಡ ಅಲ್ವಲ್ಲ! ಆ ಬಿಳಿ ಹೆಜ್ಜೆ ನೋಡಿಲ್ವಾ ನೀನು? ಅದು ಬರೆದಾಗಿಂದ ನಮ್ಮ ಬಾವಿ ಪಕ್ಕದ ತೆಂಗಿನ ಮರ ಕೆಂಪಗೆ ರಸ ಸೋರ್ತಾ ಅದೆ."

"ಅಕ್ಕ, ಆ ಮರ ಹೋದ ವರ್ಷಾನೇ ಸೋರ್ತಿತ್ತು. ನೀವೇ ಔಷಧಿ ಹಚ್ಚಿಸಿದ್ರಿ. ಇವ್ರು ಬಂದು ಎಂಟು ತಿಂಗಳಾಯ್ತು ಅಷ್ಟೇಯ."

ಒಳಗಿನಿಂದ ಶಿವರುದ್ರಮ್ಮನ ಯಜಮಾನರು ಶಂಭುಲಿಂಗಯ್ಯನವರ ದನಿ ಕೇಳಿಸಿತು. "ಇವ್ರು ಬತ್ತಾರೆ ಅಂತ ಮರಕ್ಕೆ ಮುಂಚೇನೇ ಗೊತ್ತಾಗಿತ್ತೇನೋ, ಬುಡಮ್ಮ!"

"ನೀವು ಸುಮ್ಕಿರಿ," ಎಂದರು ಶಿವರುದ್ರಮ್ಮ. "ವನಜಾ, ಬೇರೆ ಮನೆ ನೋಡು."

"ನೋಡ್ದೆ ಅಕ್ಕ. ಆರು ಮನೇಲಿ ಕೇಳ್ದೆ, ಆರೂ ಮನೇಲಿ ಇದೇ ಮಾತು. ಮನೆ ಸಿಗ್ದಿದ್ರೆ ಸೋಮವಾರ ರೈಲು ಹತ್ತಿ ಊರಿಗೆ ಹೋಗ್ತಾರೆ. ಎರಡು ದಿನದ ದಾರಿ, ಜನರಲ್ ಬೋಗಿ. ಡಾಕ್ಟ್ರು ಬೇಡವೇ ಬೇಡ ಅಂದವ್ರೆ. ದಾರೀಲಿ ಹೆಚ್ಚು ಕಮ್ಮಿ ಆದ್ರೆ ತಾಯಿನೂ ಇಲ್ಲ, ಮಗೂನೂ ಇಲ್ಲ."

ಶಿವರುದ್ರಮ್ಮನ ಕೈ ಅವರೆಕಾಯಿಯ ಮೇಲೆ ನಿಂತಿತು. ಆದರೂ ಬಾಯಿ ಸೋಲಲಿಲ್ಲ. "ಅದಕ್ಕೆ ನಾನೇನು ಮಾಡ್ಲಿ? ಎಂಥವರೋ ಏನೋ."

"ಅವಳತ್ರ ಒಂದ್ಸಲನಾದ್ರೂ ಮಾತಾಡಿದ್ದೀರಾ?"

"ನಾನ್ಯಾಕೆ ಮಾತಾಡ್ಲಿ?"

"ನಾನೂ ಹಂಗೇ ಇದ್ದೆ ಅಕ್ಕ. ತಾಯಿ ಕಾರ್ಡ್ ಮಾಡ್ಸೋಕೆ ಅಂತ ಹೋದಾಗ ಮೊದಲ್ನೇ ಸಲ ಬಾಗಿಲಲ್ಲೇ ನಿಂತ್ಕೊಂಡು ಬರ್ಕೊಂಡು ಬಂದೆ. ಮೂಗು ಮುಚ್ಕೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ನಾಲ್ಕನೇ ಸಲ ಒಳಗೆ ಕೂತು ಟೀ ಕುಡ್ದೆ. ದೂರದಿಂದ ನೋಡಿದ್ರೆ ಬರೀ ಗುಂಪು ಕಾಣ್ತದೆ. ಹತ್ರ ಕೂತ್ರೆ ಒಬ್ಬೊಬ್ರೂ ಬೇರೆ ಬೇರೆ ಮನುಷ್ಯರು."

ಶಿವರುದ್ರಮ್ಮ ಸಿಪ್ಪೆ ಗುಡಿಸಲು ಎದ್ದರು. ವನಜಾಕ್ಷಿ ಬ್ಯಾಗು ಹೆಗಲಿಗೇರಿಸಿ ಹೊರಟಳು.

ಶನಿವಾರ ಶಿವರುದ್ರಮ್ಮನ ಮನೆಯಲ್ಲಿ ಕೊಬ್ಬರಿ ಸುಲಿಸುವ ದಿನ. ಭಾನುವಾರ ವ್ಯಾಪಾರಿಯ ಗಾಡಿ ಬರುವುದಿತ್ತು. ಪ್ರತಿ ವರ್ಷ ಸುಲಿಯುವ ದುರ್ಗಯ್ಯ ಬೈಕಿನಿಂದ ಬಿದ್ದು ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ. ತನ್ನ ಬದಲಿಗೆ ಒಬ್ಬನನ್ನು ಕಳಿಸಿದ. "ಡಂಬರು ಅಂತ ಕಣಮ್ಮ, ನಾನೇ ಕಲಿಸಿದ್ದೀನಿ. ಒಂದು ಕೊಬ್ಬರಿ ಉಂಡೆನೂ ಒಡೆಯಲ್ಲ," ಎಂದು ಫೋನಿನಲ್ಲಿ ಹೇಳಿದ.

ಬಂದವನು ಸಾಬಿತ್ರಿಯ ಗಂಡ.

ಶಿವರುದ್ರಮ್ಮ ಬೇಡವೆನ್ನುವಂತಿರಲಿಲ್ಲ, ಬೇಕೆನ್ನಲೂ ಮನಸ್ಸಿಲ್ಲ. "ಅಂಗಳದಲ್ಲಿ ಸುಲೀಲಿ. ಅಟ್ಟ ಮಾತ್ರ ಹತ್ತೋದು ಬ್ಯಾಡ," ಎಂದು ಅಪ್ಪಣೆ ಮಾಡಿದರು. ಹಾಗಾಗಿ ಅಟ್ಟ ಹತ್ತಿ ಕಾಯಿ ಇಳಿಸುವ ಕೆಲಸ ಅರವತ್ತೆಂಟು ವರ್ಷದ ಶಂಭುಲಿಂಗಯ್ಯನವರ ಪಾಲಿಗೆ ಬಂತು. ಐದು ಮಂಕರಿ ಕಾಯಿ ಇಳಿಸುವಷ್ಟರಲ್ಲಿ ಅವರು ಏಣಿಯ ಮೇಲೆಯೇ ಕುಳಿತುಬಿಟ್ಟರು.

"ಲೇ, ಅವನನ್ನ ಅಟ್ಟ ಹತ್ತಿಸ್ತೀಯಾ, ಇಲ್ಲಾ ನನ್ನ ಚಟ್ಟ ಹತ್ತಿಸ್ತೀಯಾ?"

ಡಂಬರು ಅಟ್ಟ ಹತ್ತಿದ. ಯಾವ ಕಾಯಿಯನ್ನೂ ಎಸೆಯಲಿಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಲೊಡಲೊಡ ಎಂದರೆ ಮಂಕರಿಗೆ, ಇಲ್ಲದಿದ್ದರೆ ಪಕ್ಕಕ್ಕೆ. ಆಮೇಲೆ ಅಂಗಳಕ್ಕಿಳಿದು, ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುತ್ತಿ ಮಟ್ಟೆ ಬಿಡಿಸತೊಡಗಿದ. ಚಿಪ್ಪು ಒಡೆಯಲು ನಾನೂ ಶಿವರುದ್ರಮ್ಮನೂ ಕುಳಿತೆವು. ಕೆಲಸದ ಬಗ್ಗೆ ಶಿವರುದ್ರಮ್ಮನಿಗೆ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಅದಕ್ಕೆ ಸ್ವಲ್ಪ ಬೇಜಾರೂ ಆಗಿತ್ತು ಎಂದು ನನ್ನ ಅನುಮಾನ.

ಮಧ್ಯಾಹ್ನ ಸಾಬಿತ್ರಿ ಗಂಡನಿಗೆ ಊಟ ತಂದಳು. ತುಂಬಿದ ಹೊಟ್ಟೆ, ಬಾಡಿದ ಮುಖ, ಕೈಯಲ್ಲಿ ಸ್ಟೀಲ್ ಡಬ್ಬಿ. ಗೇಟಿನ ಹೊರಗೆ ಬಿಸಿಲಿನಲ್ಲೇ ನಿಂತಳು. ಒಳಗೆ ಬರಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಮ್ಮ ಮುಖಗಳೇ ಹೇಳಿದ್ದವು.

ಮಾಟ ಮಾಡುವವಳಾದರೇನು, ಬಸುರಿ ಬಸುರಿಯೇ ತಾನೆ? ಶಿವರುದ್ರಮ್ಮನ ಬಾಯಿಂದ ಅವರಿಗೇ ತಿಳಿಯದಂತೆ ಮಾತು ಹೊರಬಿತ್ತು. "ಏ, ಬಿಸಿಲಲ್ಲಿ ಯಾಕೆ ನಿಂತಿದ್ದೀಯೇ? ಬಾ, ಜಗಲಿ ಮೇಲೆ ಕೂತ್ಕೋ."

ಬಂದು ಕುಳಿತಳು. ಡಬ್ಬಿ ತೆಗೆದಳು. ಶಿವರುದ್ರಮ್ಮ ಬಗ್ಗಿ ನೋಡಿದರು.

"ಇದೇನೇ ಇದು? ರಾಗಿ ಅಂಬ್ಲಿ ಇದ್ದಂಗದೆ!"

"ರಾಗಿಯೇ. ನಾವು ಮಂಡಿಯಾ ಅಂತೀವಿ," ಎಂದಳು ಸಾಬಿತ್ರಿ. "ನಮ್ಮ ಊರು ಕೊರಾಪುಟ್. ಬೆಟ್ಟ. ಅಲ್ಲಿ ನಾವು ಬೆಳೀತೀವಿ ಅಜ್ಜಿ. ದಿನಾ ಇದೇ." ಎಂಟು ತಿಂಗಳಲ್ಲಿ ಅವಳು ಅಷ್ಟು ಕನ್ನಡ ಕಲಿತಿದ್ದಳು. ನಾವು ಅವಳ ಮಾತಿನಲ್ಲಿ ಒಂದು ಪದವನ್ನೂ ಕಲಿತಿರಲಿಲ್ಲ.

"ರಾಗಿ ತಿನ್ನೋ ಜನಾನಾ ನೀವು!" ಶಿವರುದ್ರಮ್ಮ ಬೆರಳಿನಲ್ಲಿ ಅದ್ದಿ ರುಚಿ ನೋಡಿ, "ಉಪ್ಪು ಕಮ್ಮಿ," ಎಂದರು. ಅವರು ಯಾರ ಮನೆಯ ಅಡುಗೆಗೂ ಹಾಗೆಯೇ ಹೇಳುವುದು. ಒಳಗೆ ಹೋಗಿ ಬಿಸಿ ಮುದ್ದೆ, ಅವರೆಕಾಳಿನ ಸಾರು ತಂದು ಅವಳ ಮುಂದಿಟ್ಟರು. ಸಾಬಿತ್ರಿ ಒಂದು ತುತ್ತು ಮುರಿದು ಬಾಯಿಗಿಟ್ಟು ಅಗಿಯತೊಡಗಿದಳು. ಮುದ್ದೆ ಹಲ್ಲಿಗೆ ಮೆತ್ತಿಕೊಂಡು ಬಾಯಿ ಬಿಡಲಾಗದೆ ಕಣ್ಣು ಅಗಲ ಮಾಡಿದಳು.

"ಅಗೀಬಾರ್ದು ಕಣೇ, ನುಂಗ್ಬೇಕು! ಹಿಂಗೆ ನೋಡು." ಶಿವರುದ್ರಮ್ಮ ತಾವೇ ಒಂದು ತುತ್ತು ನುಂಗಿ ತೋರಿಸಿದರು. ಸಾಬಿತ್ರಿ ನುಂಗಿದಳು. ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಡಂಬರು ನಕ್ಕ, ಶಂಭುಲಿಂಗಯ್ಯ ನಕ್ಕರು, ನಾನಂತೂ ಬಿದ್ದು ಬಿದ್ದು ನಕ್ಕೆ.

ನಗು ನಿಂತ ಮೇಲೆ ಶಿವರುದ್ರಮ್ಮ ಕೇಳಿಯೇಬಿಟ್ಟರು. "ಅಲ್ಲ ಕಣೇ, ನಿಮ್ಮ ಬಾಗಿಲ ಮುಂದೆ ಅದೇನು ಹೆಜ್ಜೆ ಬರೀತೀಯಾ?"

ಸಾಬಿತ್ರಿಯ ಮುಖ ಅರಳಿತು. "ಅದಾ? ಲಕ್ಷ್ಮಿ. ಈ ತಿಂಗಳು ಗುರುವಾರ ಗುರುವಾರ ನಮ್ಮ ಊರಲ್ಲಿ ಲಕ್ಷ್ಮಿ ಪೂಜೆ. ಅಕ್ಕಿ ರುಬ್ಬಿ ಹೆಜ್ಜೆ ಬರೀತೀವಿ. ಲಕ್ಷ್ಮಿ ಮನೆಗೆ ಬರಲಿ ಅಂತ."

ನಮ್ಮೂರಿನಲ್ಲೂ ಗೋಕುಲಾಷ್ಟಮಿಗೆ ಕೃಷ್ಣನ ಹೆಜ್ಜೆ ಬರೆಯುವ ಮನೆಗಳಿವೆ. ಅದನ್ನು ನೋಡಿ ಯಾರೂ ಮಾಟ ಎಂದದ್ದಿಲ್ಲ.

ಸಾಬಿತ್ರಿ ಮತ್ತೆ ಹೇಳಿದಳು. "ಅಜ್ಜಿ, ಮೊದಲ ವಾರ ಶೆಡ್ ಮುಂದೆ ಬರೀ ಧೂಳು. ಹೆಜ್ಜೆ ಸರಿ ಬರಲಿಲ್ಲ. ಮಾರನೇ ದಿನ ನೀವು ಬಂದು ಸಗಣಿ ಸಾರಿಸಿ ಕೊಟ್ರಿ. ಫ್ಯಾಕ್ಟರಿಯಿಂದ ನೋಡಿದೆ, ನೀವು, ಈ ಅಕ್ಕ. ನಮ್ಮಲ್ಲೂ ಸಾರಿಸಿಯೇ ಬರೆಯೋದು. ಎರಡನೇ ವಾರ ತುಂಬ ಚೆನ್ನಾಗಿ ಬಂತು. ಈ ಊರಲ್ಲಿ ನಮಗೆ ಯಾರೂ ಇಲ್ಲ ಅಂತ ಇವರು ಹೇಳ್ತಾ ಇದ್ರು. ಅಜ್ಜಿ ಇದ್ದಾರೆ ಅಂತ ನಾನು ಹೇಳಿದೆ."

ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು ನನಗೆ. ನಾವು ಅವಳ ದೇವರನ್ನು ಅಳಿಸಲು ಹೋಗಿದ್ದೆವು. ಅವಳು ಅದನ್ನು ಉಪಕಾರವೆಂದು ಒಂದು ವಾರದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಶಂಭುಲಿಂಗಯ್ಯನವರು ಸುಮ್ಮನಿರಲಿಲ್ಲ. "ನೋಡ್ದೇನೇ? ಅಟ್ಟದ ಮೇಲಿನ ಕಾಯಿನಾದ್ರೂ ಕೈಗೆ ತಗೊಂಡು, ಕಿವಿ ಹತ್ರ ಇಟ್ಟು ಅಲ್ಲಾಡಿಸಿ ನೋಡ್ತೀವಿ. ಎಂಟು ತಿಂಗಳಿಂದ ಊರಲ್ಲಿರೋ ಹೆಂಗಸಿನ ಒಂದು ಮಾತೂ ಕೇಳ್ಲಿಲ್ವಲ್ಲೇ ನಾವು!"

ಸುಮ್ಮನಿದ್ದರೆ ಶಿವರುದ್ರಮ್ಮನ ಮಾನ ಉಳಿಯುತ್ತಿತ್ತು. ಸಾಬಿತ್ರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಹೆಂಗಸು ಅಂಥವರಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು.

"ಇಲ್ಲ ಕಣವ್ವ. ನಾನು ಸಾರಿಸ್ಕೊಡೋಕೆ ಬಂದಿರ್ಲಿಲ್ಲ. ಮಾಟ ಅಂದ್ಕೊಂಡು ಅಳಿಸೋಕೆ ಬಂದಿದ್ದೆ. ತಪ್ಪಾಯ್ತು."

ಸಾಬಿತ್ರಿಗೆ ಪೂರ್ತಿ ಅರ್ಥವಾಗಲಿಲ್ಲ. ಡಂಬರು ತಮ್ಮ ಮಾತಿನಲ್ಲಿ ಮೆಲ್ಲಗೆ ವಿವರಿಸಿದ. ಅವಳ ಮುಖದ ನಗು ಇಳಿಯಿತು. ಅದನ್ನು ನೋಡುವುದು ಬಹಳ ಕಷ್ಟವಾಯಿತು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ಆಮೇಲೆ ತಲೆಯೆತ್ತಿ ಕೇಳಿದಳು. "ಈಗ, ಅಜ್ಜಿ? ಈಗ ಏನು ಸಾರಿಸ್ತೀರಿ?"

"ಈಗಾ?" ಎಂದರು ಶಿವರುದ್ರಮ್ಮ. "ಈಗ ಹಿತ್ತಲ ಮನೆ ಸಾರಿಸ್ತೀನಿ. ಗೌರಿ, ಬಕೆಟ್ ತಗೊಂಬಾರೇ."

ಸೋಮವಾರ ಅವರು ರೈಲು ಹತ್ತಲಿಲ್ಲ. ಹಿತ್ತಲ ಮನೆಯಲ್ಲಿ ಒಲೆ ಹಚ್ಚಿದರು. ಸುದ್ದಿ ಕೇಳಿದ ನಮ್ಮ ಬೀದಿಯ ಗಂಗಕ್ಕ ನಲ್ಲಿಯ ಹತ್ತಿರ ಶಿವರುದ್ರಮ್ಮನನ್ನು ತಡೆದಳು.

"ಏನಕ್ಕ, ಹಿಂದಿಯೋರ್ನ ಮನೆಗೆ ಸೇರಿಸ್ಕೊಂಡ್ಯಂತೆ?"

"ಹಿಂದಿಯೋರು ಯಾರೂ ಬಂದಿಲ್ವಲ್ಲ! ಸಾಬಿತ್ರಿ ಬಂದವ್ಳೆ. ಬಾ, ಬಂದು ನೋಡು. ಬರೋವಾಗ ಒಂದು ಹಿಡಿ ನುಗ್ಗೆ ಸೊಪ್ಪು ತಗೊಂಬಾ, ಅವಳಿಗೆ ರಕ್ತ ಕಮ್ಮಿ."

ಗಂಗಕ್ಕ ಮೂಗು ಮುರಿದು ಹೋದಳು. ಮೂರನೇ ದಿನ ಸೊಪ್ಪಿನ ಜೊತೆ ಬಂದಳು, ಒಂದು ಗಂಟೆ ಕುಳಿತಳು. ಊರೆಲ್ಲ ಬದಲಾಯಿತು ಎಂದು ನಾನು ಹೇಳುವುದಿಲ್ಲ. ಇವತ್ತಿಗೂ ಮುಖ ತಿರುಗಿಸುವವರು ಇದ್ದಾರೆ. ಆದರೆ ಅವರಲ್ಲಿ ಒಬ್ಬರೂ ಸಾಬಿತ್ರಿಯ ಜೊತೆ ಕುಳಿತು ಮಾತಾಡಿದವರಲ್ಲ, ಅದನ್ನು ಮಾತ್ರ ಗಮನಿಸಿ.

ಮಾಘದಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಸಾಬಿತ್ರಿಗೆ ಹೆಣ್ಣು ಮಗುವಾಯಿತು. ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕುಳಿತು ಹೋದವರು ಶಿವರುದ್ರಮ್ಮ. ತಾಯಿ, ಮಗು ಇಬ್ಬರೂ ಗಟ್ಟಿಯಾಗಿದ್ದಾರೆ. ಮಗುವಿಗೆ ಹೊತ್ತಿಗೆ ಸರಿಯಾಗಿ ಲಸಿಕೆ ಹಾಕಿಸುವ ಉಸ್ತುವಾರಿ ಅಜ್ಜಿಯದೇ.

ಸಾಬಿತ್ರಿ ನಮ್ಮೂರಿಗೆ ಯಾವ ಪವಾಡವನ್ನೂ ಮಾಡಲಿಲ್ಲ. ಜಗಲಿ ಮೇಲೆ ಕುಳಿತು ಮುದ್ದೆ ಉಂಡಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಅಷ್ಟು ಸಾಕಾಯಿತು. ಕೇಳಲು ನಮಗೆ ಎಂಟು ತಿಂಗಳು ಬೇಕಾಯಿತಲ್ಲ, ನಾಚಿಕೆಯಾಗುವುದು ಅದಕ್ಕೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಊರಾಚೆಯ ಶೆಡ್ಡಿನಲ್ಲೂ ಹೊರಗಿನಿಂದ ದುಡಿಯಲು ಬಂದವರಿದ್ದಾರೆ. ಈ ವಾರ ಅವರಲ್ಲಿ ಒಬ್ಬರ ಹೆಸರು ಕೇಳಿ. ಯಾವೂರು, ಏನು ಬೆಳೆಯುತ್ತೀರಿ, ಏನು ಉಣ್ಣುತ್ತೀರಿ ಎಂದು ಕೇಳಿ. ಅಲ್ಲಿ ಬಸುರಿಯಿದ್ದರೆ, ಎಳೆ ಮಗುವಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಗೆ, ಅಂಗನವಾಡಿಗೆ ತಿಳಿಸಿ. ಸರ್ಕಾರಿ ಆಸ್ಪತ್ರೆಯ ತಪಾಸಣೆ, ಮಗುವಿನ ಲಸಿಕೆ ಅವರಿಗೂ ಇದೆ. ಯಾರೋ ಏನೋ ಹೇಳಿದರೆಂದು ನಂಬುವ ಮೊದಲು ನೀವೇ ಹೋಗಿ ವಿಚಾರಿಸಿ.

ನನ್ನ ಹಾಗೆ ನೀವೂ ಬಕೆಟ್ ಹಿಡಿದು ಯಾರದೋ ಹಿಂದೆ ಹೊರಟಿದ್ದರೆ, ದಯವಿಟ್ಟು ಅದನ್ನು ಒಂದು ಗಳಿಗೆ ಕೆಳಗಿಡಿ. ಆ ಹೆಜ್ಜೆ ಯಾರದು ಎಂದು ಮೊದಲು ಕೇಳಿ.