ಹೊಸ ಅಕ್ಕಿಯ ಪಾಲು

"ಹನ್ನೊಂದು ಜನರ ಇಗರ್ಜಿಯಂತೆ! ನಮ್ಮ ಫರ್ವಾನಿಯಾದ ಲಿಫ್ಟಿಗೇ ಅದಕ್ಕಿಂತ ಹೆಚ್ಚು ಜನ ಹತ್ತುತ್ತಾರೆ," ಎಂದ ರೋಕ್, ಕುವೈತಿನ ತಮ್ಮ ಫ್ಲ್ಯಾಟಿನಲ್ಲಿ ಟಿವಿಯಿಂದ ಮುಖ ತಿರುಗಿಸದೆ. ಮೂರು ದಿನಗಳ ಮೌನದ ಬಳಿಕ ಹೆಂಡತಿಯೊಡನೆ ಆಡಿದ ಮೊದಲ ಮಾತು ಅದು.

ಗರ್ಟ್ರೂಡ್ ರಕ್ತದೊತ್ತಡ ನೋಡುವ ಯಂತ್ರವನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದಳು. "ಲಿಫ್ಟ್ ಹಾಳಾದ್ರೆ ರಿಪೇರಿಗೆ ಜನ ಬರ್ತಾರೆ. ಅಲ್ಲಿಗೆ ಯಾರು ಬರುದು?"

"ಇಡೀ ಪ್ರಪಂಚದಲ್ಲಿ ನರ್ಸ್ ಅಂತ ನೀನೊಬ್ಬಳೇ ಇರುದಾ ಮಾರಾಯ್ತಿ?"

"ಇಲ್ಲ. ಇನ್ನಿಬ್ಬರು ಒಟ್ಟಿಗೆ ಬರ್ತಾರೆ."

ಜಪಾನಿನ ನೋಟೊ ತೀರದಲ್ಲಿ ಭೂಮಿ ನಡುಗಿದ ವರ್ಷವೇ ನೆರೆಯೂ ನುಗ್ಗಿ, ಗಾಯದ ಮೇಲೆ ಬರೆ ಎಳೆದಂತಾಗಿತ್ತು. ಅಲ್ಲಿನ ಪುಟ್ಟ ಚರ್ಚಿನ ಆ ಹನ್ನೊಂದು ಮಂದಿ ವೃದ್ಧರೊಡನೆ ಗರ್ಟ್ರೂಡ್ ಮತ್ತು ಅವಳ ಆಸ್ಪತ್ರೆಯ ಇಬ್ಬರು ಫಿಲಿಪಿನೊ ಗೆಳತಿಯರು ವರ್ಷದಿಂದ ಪ್ರತಿ ಶುಕ್ರವಾರ ಫೋನಿನಲ್ಲೇ ಜಪಸರ ಹೇಳುತ್ತಿದ್ದರು. ಈಗ ವಾರ್ಷಿಕ ರಜೆ ಹಾಕಿ, ಎರಡು ವಾರ ಅವರ ಆರೈಕೆಗೆಂದು ಮೂವರೂ ಹೊರಟಿದ್ದರು. ವಿಮಾನ ಅಂದಿನ ಸಂಜೆಗೇ.

ರೋಕನ ಸಿಟ್ಟೆಲ್ಲ ತಾರೀಕಿನ ಮೇಲೆ. ಮೂರು ದಿನ ಕಳೆದರೆ ಮೊಂತಿ ಫೆಸ್ತ್. ಮರಿಯ ಮಾತೆಯ ಹುಟ್ಟುಹಬ್ಬ, ಹೊಸ ಅಕ್ಕಿ ಉಣ್ಣುವ ದಿನ. ಊರಿನಿಂದ ಗೆಳೆಯ ಧನರಾಜ್ ತಂದುಕೊಟ್ಟ ಭತ್ತದ ತೆನೆ ಬೆಳಿಗ್ಗೆಯಷ್ಟೇ ಇಗರ್ಜಿಯಲ್ಲಿ ಆಶೀರ್ವಾದ ಪಡೆದು ಬಂದಿತ್ತು. ಕುವೈತಿನಲ್ಲಿ ರಜೆ ನೋಡಿ ಶುಕ್ರವಾರವೇ ಉಂಡು ಮುಗಿಸುವವರುಂಟು. ರೋಕನ ಮನೆಯಲ್ಲಿ ಮಾತ್ರ ಎಂಟನೇ ತಾರೀಕೆಂದರೆ ಎಂಟನೇ ತಾರೀಕು. ಮನೆಯ ತಲೆಗೊಂದರಂತೆ ಕಾಳು ಸುಲಿದು ಪಾಯಸಕ್ಕೆ ಹಾಕುವುದು ಯಜಮಾನನ ಕೆಲಸ. 'ಒಂದೇ ತೆನೆಯ ಕಾಳು ಉಂಡವರು ಒಂದೇ ಮನೆಯವರು' ಎಂಬುದು ಅವನ ತಾಯಿಯ ಮಾತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ಗರ್ಟ್ರೂಡಳ ಎಲೆ ಒಮ್ಮೆಯೂ ಖಾಲಿ ಉಳಿದಿರಲಿಲ್ಲ.

"ಡ್ಯಾಡಿ, ಲೆಟ್ ಹರ್ ಗೋ ಇನ್ ಪೀಸ್," ಎಂದಳು ಮಗಳು ಜಾನಿಸ್.

"ಹೋಗ್ಲಿ. ನಾನೇನು ಪಾಸ್‌ಪೋರ್ಟ್ ಅಡಗಿಸಿಟ್ಟಿದ್ದೇನಾ?"

"ಪಾಸ್‌ಪೋರ್ಟ್ ಕೈಲುಂಟು," ಎಂದಳು ಗರ್ಟ್ರೂಡ್. "ನಿಮ್ಮ ಬಾಯಿಂದ ಹೋಗಿ ಬಾ ಅಂತ ಒಂದು ಮಾತು ಸಿಗ್ಲಿಲ್ಲ. ಅದಿಲ್ಲದೆ ಹೇಗೆ ಮೆಟ್ಟಿಲಿಳಿಯುದು?"

ಅಷ್ಟರಲ್ಲಿ ಅವಳ ಫೋನು ಹಾಡಿತು. ಪರದೆಯ ಮೇಲೆ ಎಂಬತ್ತು ದಾಟಿದ ಹರುಕೊ ಅಜ್ಜಿ. ಇಬ್ಬರಿಗೂ ತಿಳಿಯುವ ಭಾಷೆಯೊಂದಿಲ್ಲ, ತೋರಿಸುವುದೇ ಮಾತು. ಗರ್ಟ್ರೂಡ್ ಪೆಟ್ಟಿಗೆ ತೋರಿಸಿದಳು. ಅಜ್ಜಿ ಚಪ್ಪಾಳೆ ತಟ್ಟಿ ನಕ್ಕು, ಫೋನನ್ನು ಹೊರಗೆ ತಿರುಗಿಸಿದಳು: ಬಿರುಕುಬಿಟ್ಟ ಬದು, ಕೆಸರಿನಲ್ಲಿ ಹೂತ ಗದ್ದೆ, ಅದರ ಒಂದು ಮೂಲೆಯಲ್ಲಿ ಚಾಪೆಯಷ್ಟಗಲ ಹೊಂಬಣ್ಣದ ಪೈರು. ಆಮೇಲೆ ಅದರದೊಂದು ತೆನೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುರಿದ ಕುತ್ತಿಗೆಗೆ ಅಂಟು ಹಾಕಿ ನಿಲ್ಲಿಸಿದ್ದ ಮರಿಯ ಮಾತೆಯ ಪ್ರತಿಮೆಯ ಪಾದದಡಿ ಇಟ್ಟು ತಲೆಬಾಗಿದಳು.

ರೋಕ್ ಯಾವಾಗ ಎದ್ದು ಬಂದು ಹೆಂಡತಿಯ ಬೆನ್ನ ಹಿಂದೆ ನಿಂತನೋ, ಅವನಿಗೇ ತಿಳಿಯದು. ಫ್ರಿಜ್ಜಿನಿಂದ ತನ್ನ ತೆನೆಯನ್ನು ತಂದು ಪರದೆಯ ಮುಂದೆ ಹಿಡಿದ. ಅಜ್ಜಿ ಕಣ್ಣು ಕಿರಿದಾಗಿಸಿ ನೋಡಿದಳು. ಬಳಿಕ ತನ್ನ ತೆನೆಯನ್ನೂ ಎತ್ತಿ ಹಿಡಿದಳು. ಇಬ್ಬರೂ ಹಾಗೆಯೇ ನಿಂತರು.

ಕರೆ ಮುಗಿಯಿತು.

"ಇದನ್ನು ಅಲ್ಲಿಗೆ ಬಿಡ್ತಾರಾ?" ಎಂದು ಕೇಳಿದ ರೋಕ್.

"ಸಿಪ್ಪೆ ಇದ್ರೆ ಖಂಡಿತ ಬಿಡುದಿಲ್ಲ. ಸುಲಿದ ಅಕ್ಕಿಯಾದ್ರೆ ಅಲ್ಲಿಯ ಏರ್ಪೋರ್ಟಲ್ಲಿ ಕಾಗದದಲ್ಲಿ ಬರೆದುಕೊಟ್ಟು ಕೇಳ್ಬಹುದು."

ರೋಕ್ ಕಿಟಕಿಯ ಬೆಳಕಿಗೆ ಕುರ್ಚಿ ಎಳೆದುಕೊಂಡ. ಹೆಬ್ಬೆರಳ ಉಗುರಿನಿಂದ ಒಂದೊಂದೇ ಕಾಳು ಸುಲಿದು, ಗರ್ಟ್ರೂಡಳ ಖಾಲಿ ಮಾತ್ರೆ ಡಬ್ಬಿಗೆ ಹಾಕತೊಡಗಿದ.

"ಡ್ಯಾಡಿ, ವಿ ಆರ್ ಓನ್ಲಿ ತ್ರೀ!" ಎಂದಳು ಜಾನಿಸ್, ನಾಲ್ಕನೆಯ ಕಾಳೂ ಡಬ್ಬಿಗೆ ಬಿದ್ದಾಗ.

"ಲೆಕ್ಕ ತಪ್ಪಿಸ್ಬೇಡ. ಹನ್ನೊಂದು ಅಲ್ಲಿನವರದ್ದು, ಮೂರು ಇಲ್ಲಿಂದ ಹೋಗುವವರದ್ದು."

ಗರ್ಟ್ರೂಡ್ ಪೆಟ್ಟಿಗೆಯ ಜಿಪ್ ಎಳೆಯುವುದನ್ನು ನಿಲ್ಲಿಸಿ ನೋಡುತ್ತ ನಿಂತಳು. ಕಟ್ಟಡದ ಮೇಲೆ ಒಂದು ವಿಮಾನ ಕಿಟಕಿಯ ಗಾಜು ಅದುರಿಸಿ ಹಾದುಹೋಯಿತು. ಹದಿನಾಲ್ಕನೆಯ ಕಾಳು ಉಗುರಿಗೆ ಸಿಕ್ಕಿ ಎರಡು ತುಂಡಾಯಿತು. ಅದನ್ನು ತನ್ನ ಪಾಲಿಗೆಂದು ಬದಿಗಿಟ್ಟು, ರೋಕ್ ತೆನೆಯಿಂದ ಇನ್ನೊಂದು ಕಾಳು ಬಿಡಿಸಿಕೊಂಡ.